ಬದುಕಲೇಬೇಕಾದ ಸೀಸೆ

ಎರಡು ಸಲ ತೊಳೆಯದ ಲೋಟದಲ್ಲಿ ನಾನು ಚಹಾ ಕುಡಿಯುವುದಿಲ್ಲ. ನಿವೃತ್ತಿಯಾದ ಮೇಲೂ ಈ ರೋಗ ವಾಸಿಯಾಗಿಲ್ಲ. ಮುಂಬೈ ಪಕ್ಕದ ಠಾಣೆ ಊರಿನ ಆಸ್ಪತ್ರೆಯೊಂದರಲ್ಲಿ ಕತ್ತರಿ, ಚಿಮಟಗಳನ್ನು ಆಟೋಕ್ಲೇವ್ ಯಂತ್ರದ ಹಬೆಯಲ್ಲಿಟ್ಟು ಕ್ರಿಮಿ ಕೊಲ್ಲುವ ಕೋಣೆಗೆ ನಾನು ಸಿಸ್ಟರ್ ಇನ್‌ಚಾರ್ಜ್ ಆಗಿದ್ದೆ. ಈಗ ಡೊಂಬಿವಲಿಯ ಮನೆಯಲ್ಲಿ ಕುಕ್ಕರ್ ಸೀಟಿ ಹೊಡೆದರೂ ಎದ್ದು ನಿಲ್ಲುತ್ತೇನೆ. ಒಳಗಿರುವುದು ತೊಗರಿಬೇಳೆ ಎಂಬುದು ಆಮೇಲೆ ನೆನಪಾಗುತ್ತದೆ.

ನನ್ನ ಅತ್ತೆಗೆ ಮಡಿಯ ಗೀಳಿತ್ತು. ಮಡಿಯೂ ನಮ್ಮ ಕ್ರಿಮಿಶುದ್ಧಿಯೂ ಒಂದು ಬೆರಳು ತಾಗಿದರೆ ಕೆಡುತ್ತವೆ. ಆದರೆ ಮಡಿ ಪರೀಕ್ಷೆಗೆ ಕೂರುವುದಿಲ್ಲ, ನಮ್ಮದು ಕೂರಲೇಬೇಕು. ಸಲಕರಣೆಯ ಪೊಟ್ಟಣಕ್ಕೆ ಸುತ್ತಿದ ಟೇಪಿನ ಗೆರೆ ಕಪ್ಪಾಯಿತೆಂದು ಹಿಗ್ಗುವವರಿದ್ದಾರೆ. ಅದು ಬಿಸಿಗೆ ಹೋಗಿ ಬಂದದ್ದನ್ನಷ್ಟೇ ಹೇಳುತ್ತದೆ, ಕ್ರಿಮಿ ಸತ್ತದ್ದನ್ನಲ್ಲ. ಕಲ್ಯಾಣ್ ಲೋಕಲ್ ರೈಲು ಹತ್ತಿದವರೆಲ್ಲ ನಡುದಾರಿಯ ಠಾಕುರ್ಲಿಯಲ್ಲಿ ಇಳಿದರೆಂದು ಹೇಳಲಾದೀತೆ? ಫಾಸ್ಟ್ ಗಾಡಿ ಅಲ್ಲಿ ನಿಲ್ಲುವುದೇ ಇಲ್ಲ.

ನಿಜವಾದ ಸಾಕ್ಷಿ ಕ್ರಿಮಿಯೇ. ಬಿಸಿಗೆ ಸುಲಭಕ್ಕೆ ಬಗ್ಗದ ಹಟಮಾರಿ ಜಾತಿಯದನ್ನು ಪುಟ್ಟ ಸೀಸೆಗಳಲ್ಲಿ ಮಾರುತ್ತಾರೆ. ಒಂದು ಸೀಸೆ ಸಲಕರಣೆಗಳ ಜೊತೆ ಹಬೆಗೆ ಹೋಗಬೇಕು, ಅದರ ಜೋಡಿ ಹೊರಗೇ ಉಳಿಯಬೇಕು. ಆಮೇಲೆ ಎರಡನ್ನೂ ಬೆಚ್ಚಗಿಟ್ಟು ಮರುದಿನದ ತನಕ ಕಾಯಬೇಕು. ಹೊರಗಿದ್ದದ್ದರಲ್ಲಿ ಕ್ರಿಮಿ ಬೆಳೆದು ಬಣ್ಣ ಹಳದಿಯಾಗಬೇಕು. ಹಬೆಗೆ ಹೋದದ್ದು ನೇರಳೆಯಾಗಿಯೇ ಉಳಿಯಬೇಕು. ಒಂದು ಬದುಕಿದರೆ ಮಾತ್ರ ಇನ್ನೊಂದರ ಸಾವು ನಂಬಲರ್ಹ.

ಸೊಸೆ ಸ್ನೇಹಾಳ ಹಲ್ಲಿನ ದವಾಖಾನೆ ಇರುವುದು ಠಾಕುರ್ಲಿಯಲ್ಲಿ. ಕಳೆದ ತಿಂಗಳು ಅವಳ ಆಟೋಕ್ಲೇವಿನ ಬಾಗಿಲಲ್ಲಿ ಹಬೆ ಸೋರದಂತೆ ತಡೆಯುವ ರಬ್ಬರು ಬದಲಾಯಿತು. ಅದೇ ದಿನ, ನಾನೂ ಅಲ್ಲಿದ್ದಾಗ, ಸ್ಟೇಷನ್ ಬಳಿ ಹೋಟೆಲು ನಡೆಸುವ ಶೇಖರಣ್ಣ ದವಡೆ ಹಲ್ಲು ಕೀಳಿಸಲು ಕೆನ್ನೆ ಹಿಡಿದುಕೊಂಡು ಬಂದರು.

“ಅಮ್ಮಾ, ಟೇಪ್ ಕಾಳಾ ಆಯ್ತು ನಾ? ಬಸ್, ಸಾಕು, ಹಲ್ಲು ತೆಗೀತೀನಿ,” ಎಂದಳು ಸ್ನೇಹಾ. ಡೊಂಬಿವಲಿಯಲ್ಲೇ ಹುಟ್ಟಿದವಳ ಕನ್ನಡ ಹೀಗೆ.

“ರಬ್ಬರು ಹೊಸದು. ಸೀಸೆ ಹೇಳುವ ತನಕ ಇಲ್ಲ,” ಎಂದೆ. ಪರೀಕ್ಷೆಯನ್ನು ನಾನೇ ಮಾಡುತ್ತೇನೆಂದು ಮುಂದೆ ನಿಂತೆ.

“ಎಂತ ಅಕ್ಕಾ ಇದು? ಎರಡು ದಿನದಿಂದ ಸಾಂಬಾರಿನ ಉಪ್ಪು ನೋಡ್ಲಿಕ್ಕೆ ಆಗ್ಲಿಲ್ಲ. ಗಿರಾಕಿಗಳು ಬೈತಿದ್ದಾರೆ,” ಎಂದು ಶೇಖರಣ್ಣ ನರಳಿದರು. ಬೇರೆ ಡಾಕ್ಟರ ಬಳಿ ಹೋಗಿ ಎಂದರೆ, ಗುರುತಿಲ್ಲದವರ ಮುಂದೆ ತಾನು ಬಾಯಿ ತೆರೆಯುವುದಿಲ್ಲವಂತೆ. ನೋವಿನ ಮಾತ್ರೆ ಕೊಟ್ಟು ಕಳಿಸಿದೆವು.

ನನಗೋ ಕೂತಲ್ಲಿ ಕೂರಲಾಗಲಿಲ್ಲ. ಒರೆಸಿದ ಮೇಜನ್ನೇ ಒರೆಸಿದೆ. ಮರುದಿನ ಬೆಳಿಗ್ಗೆ ನೋಡಿದರೆ ಎರಡು ಸೀಸೆಯೂ ನೇರಳೆ!

“ಅಮ್ಮಾ, ಎರಡನ್ನೂ ಒಳಗೆ ಇಟ್ರಾ?”

ಇಟ್ಟಿದ್ದೆ. ಮೇಜಿನ ಮೇಲೆ ಕ್ರಿಮಿ ತುಂಬಿದ ಸೀಸೆಯೊಂದು ನಿಶ್ಚಿಂತೆಯಿಂದ ಕೂತಿರುವುದನ್ನು ಈ ಕೈ ಸಹಿಸಲಿಲ್ಲ. ಬುದ್ಧಿಯನ್ನು ಕೇಳದೆ ಅದನ್ನೂ ಹಬೆಗೆ ಸೇರಿಸಿಬಿಟ್ಟಿತ್ತು.

“ನಿಮ್ಮ ಕೈಗೆ ಸಿಕ್ಕಿದ ಮೇಲೆ ಬೇಚಾರಾ ಜರ್ಮ್ ಬದುಕೋದು ಕೈಸೇ?” ಎಂದು ನಕ್ಕಳು. ಬೆಳಿಗ್ಗೆಯೇ ಬಂದು ಕೂತಿದ್ದ ಶೇಖರಣ್ಣ ನಗಲಿಲ್ಲ. ಅವರ ಕೆನ್ನೆ ಅವರದೇ ಹೋಟೆಲಿನ ಗೋಳಿಬಜೆಯ ಹಾಗೆ ಉಬ್ಬಿತ್ತು. ಇನ್ನೊಂದು ದಿನ ಅವರು ನರಳಬೇಕಾದದ್ದು ನನ್ನ ಶಿಸ್ತಿನಿಂದ.

ಎರಡನೆಯ ಸಲ ಸ್ನೇಹಾ ಸೀಸೆ ಇಡುವಾಗ ನಾನು ಎರಡೂ ಕೈ ಬೆನ್ನ ಹಿಂದೆ ಕಟ್ಟಿಕೊಂಡು ನಿಂತೆ. ಜೀವಮಾನವಿಡೀ ಕ್ರಿಮಿ ಕೊಂದವಳಿಗೆ ಈಗ ಕ್ರಿಮಿಯದೇ ಚಿಂತೆ. ಅದಕ್ಕೆ ಬೆಚ್ಚಗಿದೆಯೇ, ಚೆನ್ನಾಗಿ ಬೆಳೆಯುತ್ತಿದೆಯೇ? ಅದರ ಆಯುಷ್ಯಕ್ಕೆ ಹರಕೆ ಹೊರುವುದೊಂದೇ ಬಾಕಿ. ಒಂದಿಷ್ಟನ್ನು ಅದರ ಪಾಡಿಗೆ ಬಿಡುವುದೂ ಶಿಸ್ತೇ ಎಂದು ಯಾರೂ ಕಲಿಸಿರಲಿಲ್ಲ.

ಮರುದಿನ ಒಂದು ನೇರಳೆ, ಇನ್ನೊಂದು ನಿಂಬೆಹಣ್ಣಿನಂಥ ಹಳದಿ.

“ಬದುಕಿದೆ! ಬದುಕಿದೆ!” ಎಂದು ಕೂಗುತ್ತ ಹೊರಗೆ ಬಂದೆ.

ಬೆಂಚಿನಲ್ಲಿದ್ದ ಶೇಖರಣ್ಣ ಗಾಬರಿಯಿಂದ ಎದ್ದರು. “ಯಾರು ಅಕ್ಕಾ?”

“ಕ್ರಿಮಿ.”

“ಅದರ ಕ್ಷೇಮ ವಿಚಾರಿಸಿ ಆಯ್ತಲ್ಲ? ಇನ್ನು ನನ್ನದು ನೋಡಿ ಮಾರಾಯ್ರೆ,” ಎಂದವರೇ ಒಳಗೆ ಹೋಗಿ, ಯಾರೂ ಕರೆಯುವ ಮೊದಲೇ ಕುರ್ಚಿಯಲ್ಲಿ ಬಾಯಿ ತೆರೆದು ಒರಗಿದರು.