ಸಣ್ಣ ಗಾಡಿಯ ಹಿಂದಿನ ಸೀಟು

ಕಾರಿನ ಹಿಂದಿನ ಬಾಗಿಲು ತೆಗೆದೊಡನೆ ನೀಲಗಿರಿ ಎಣ್ಣೆಯ ವಾಸನೆ ಮುಖಕ್ಕೆ ಬಂತು. ಆ ಸೀಟಿನಲ್ಲಿ ಯಾರೂ ಕೂಡದೆ ತಿಂಗಳುಗಳೇ ಆಗಿವೆ. ಮಳೆಗಾಲ ಹೋಗಿ ಚಳಿ ಬಂದಿದೆ, ವಾಸನೆ ಮಾತ್ರ ಇದ್ದಲ್ಲೇ ಇದೆ. ಖಜೂರಿ ಊರಿನವರೊಬ್ಬರು ನಾಳೆ ಗಾಡಿ ನೋಡಲು ಬರುತ್ತಾರೆ, ಒಳಗೊಂದಿಷ್ಟು ಒರೆಸಿಡು ಎಂದು ನಮ್ಮ ಮನೆಯವರು ಹೇಳಿ ತಮ್ಮ ಚಪ್ಪಲಿ ಅಂಗಡಿಗೆ ಹೋಗಿದ್ದರು. ಬಕೆಟ್ಟು, ಹಳೆಯ ಬನಿಯನ್ನು ಹಿಡಿದು ಹೋದವಳು ಬನಿಯನ್ನನ್ನು ಒದ್ದೆ ಮಾಡುವುದನ್ನೂ ಮರೆತು ಆ ಸೀಟಿನಲ್ಲಿ ಕುಳಿತುಬಿಟ್ಟೆ. ಅದು ಅಮ್ಮನ ಸೆರಗಿನ ವಾಸನೆ.

ಅಮ್ಮ ಎಂದರೆ ನನ್ನ ಅತ್ತೆ. ಅಫಜಲಪುರದ ಕಡೆ ಗೊಬ್ಬೂರಿನವರು, ಹೊಲದಲ್ಲಿ ಬೆಳೆದವರು. ನಮ್ಮ ಮನೆಮಾತು ದಖನಿ ಉರ್ದುವಾದರೂ ಅಮ್ಮನಿಗೆ ಸಿಟ್ಟು ಬಂದರೆ, ನಗು ಬಂದರೆ, ಬಾಯಿಗೆ ಬರುತ್ತಿದ್ದುದು ಕನ್ನಡವೇ. ನನ್ನನ್ನು ಮಾತ್ರ ‘ದುಲ್ಹನ್’ ಎನ್ನುತ್ತಿದ್ದರು. ಮದುಮಗಳು! ನನ್ನ ಕೂದಲು ಬೆಳ್ಳಗಾದ ಮೇಲೂ ನಾನು ಆ ಮನೆಗೆ ಹೊಸದಾಗಿ ಬಂದವಳೇ. ಕೊನೆಯ ವರ್ಷಗಳಲ್ಲಿ ಅವರ ಮೂತ್ರಪಿಂಡ ಕೈಕೊಟ್ಟಿತು. ವಾರಕ್ಕೆರಡು ಸಲ ಆಳಂದದಿಂದ ಕಲಬುರಗಿಗೆ ಹೋಗಿ ಡಯಾಲಿಸಿಸ್ ಮಾಡಿಸಬೇಕು. ಅಮ್ಮ ಅದಕ್ಕೆ ‘ಮಿಷಿನ್’ ಎನ್ನುತ್ತಿದ್ದರು. ಹೋಗುವಾಗ ಕುಳಿತು ಹೋಗುತ್ತಿದ್ದರು. ಬರುವಾಗ ಮಾತ್ರ ಮೈಯಲ್ಲಿ ಎಲುಬೇ ಇಲ್ಲದವರ ಹಾಗೆ ಬಸ್ಸಿನ ಸರಳಿಗೆ ಒರಗುತ್ತಿದ್ದರು. ವಾಂತಿ, ಕಾಲಿನಲ್ಲಿ ನರ ಸೆಳೆತ. ಕಂಡಕ್ಟರು ನೋಡಿ ನೋಡಿ ಗುರುತಾಗಿ ಮುಂದಿನ ಸೀಟು ಬಿಡಿಸಿಕೊಡುತ್ತಿದ್ದ. ಅವನ ಮಕ್ಕಳು ಚೆನ್ನಾಗಿರಲಿ. ಆದರೆ ಕೂಡುವುದಲ್ಲ, ಅಮ್ಮನಿಗೆ ಬೇಕಾಗಿದ್ದುದು ಮಲಗುವುದು. ಅದಕ್ಕೇ ಒಂದು ಹಳೆಯ ಕಾರು ತೆಗೆದುಕೊಳ್ಳುವುದು ಎಂದಾಯಿತು.

ಕಾರಿನ ವಿಷಯದಲ್ಲಿ ನನ್ನ ಜ್ಞಾನ ಎಷ್ಟೆಂದು ಕೇಳಬೇಡಿ. ಕಲ್ಲಂಗಡಿ ಕೊಳ್ಳುವಾಗ ಬಡಿದು ನೋಡುತ್ತೇವಲ್ಲ, ಹಾಗೆಯೇ ನಾನು ಆ ದಿನ ಎರಡು ಕಾರುಗಳ ಮೂತಿಯನ್ನೂ ಬೆರಳಿನಿಂದ ಬಡಿದು ಕಿವಿಗೊಟ್ಟೆ. ಎರಡೂ ಹಣ್ಣಾದಂತೆಯೇ ಕೇಳಿಸಿದವು. ಮಿಷಿನ್ ಇಲ್ಲದ ದಿನ ನೋಡಿ, ಬಾಡಿಗೆ ಗಾಡಿಯಲ್ಲಿ ಅಮ್ಮನನ್ನೂ ಕರೆದುಕೊಂಡು ಹೊರಟಿದ್ದೆವು. ಮಲಗುವವರೇ ಆರಿಸಲಿ ಎಂದು ನಮ್ಮ ಮನೆಯವರ ಹಟ.

ಮೊದಲು ಜೇವರ್ಗಿ. ತೊಗರಿ ವ್ಯಾಪಾರಿಯೊಬ್ಬರ ಬಿಳಿಯ ದೊಡ್ಡ ಗಾಡಿ. ಒಳಗೆ ತೊಗಲಿನ ಸೀಟು, ಬಾಗಿಲು ಹಾಕಿದರೆ ಬೀದಿಯ ಸದ್ದೆಲ್ಲ ಹೊರಗೇ ನಿಲ್ಲುತ್ತಿತ್ತು.

“ಮಲಗ್ರಿ ಅಮ್ಮಾ, ಕಾಲ ಚಾಚಿ ಮಲಗ್ರಿ. ಗಾಡಿ ಅಲ್ರಿ ಇದು, ಪಲ್ಲಂಗ!” ಎಂದರು ಆ ವ್ಯಾಪಾರಿ.

ಅಮ್ಮ ಮಲಗಿದರು. ತಲೆಯಿಂದ ಕಾಲಿನವರೆಗೆ ಹಿಡಿಸಿದರು. ಕಣ್ಣು ಮುಚ್ಚಿ ಅಂಗೈಯಿಂದ ಸೀಟನ್ನು ಮೆಲ್ಲಗೆ ಸವರುತ್ತಿದ್ದರು, ಹಾಲು ಕುಡಿಯುವ ಕರುವಿನ ಬೆನ್ನು ಸವರಿದಂತೆ. “ಲೇ ತಮ್ಮಾ, ಇದರಾಗ ಮಲಗಿದ್ರ ಏಳೂದ ಬ್ಯಾಡ ಅನಸ್ತದ,” ಎಂದರು ಮಗನಿಗೆ.

“ಏನರ ಕೆಟ್ರ ಸಾಮಾನ ಎಲ್ಲಿ ಸಿಗತಾವ್ರಿ?” ಎಂದು ಇವರು ಕೇಳಿದರು.

“ಕೆಡೂದೇ ಇಲ್ರಿ. ಕೆಟ್ಟಿತು ಅಂದ್ರ ಹೈದರಾಬಾದಿಂದ ತರಸಬೇಕು, ನಾಕ ದಿನ ನಿಲ್ಲತದ ಅಷ್ಟೇ.”

ಅಮ್ಮನ ಕೈ ನಿಂತಿತು. ಅದನ್ನು ನಾನು ಕಂಡೆ.

ಅಲ್ಲಿಂದ ಅಫಜಲಪುರ. ಬೇವಿನ ಗಿಡದ ಕೆಳಗೆ ನಿಂತಿದ್ದ ನೀಲಿ ಬಣ್ಣದ ಸಣ್ಣ ಗಾಡಿ, ಮೇಲೆಲ್ಲ ಹಕ್ಕಿಗಳ ಪ್ರಸಾದ. ಯಜಮಾನರು ನಿವೃತ್ತ ಮಾಸ್ತರು. ಹೊಗಳಿ ಮಾರುವ ವಿದ್ಯೆ ಅವರಿಗೆ ಬರುತ್ತಿರಲಿಲ್ಲ.

“ಓಡತದ. ಅಷ್ಟೇ ಹೇಳ್ತೇನಿ. ಕೆಟ್ರ ಯಾವ ಊರಾಗಿನ ಮಿಸ್ತ್ರಿಯಾದ್ರೂ ಬಿಚ್ಚಿ ಕೂಡಸ್ತಾನ.”

“ಹಿಂದ ಮಲಗಾಕ ಆಗತದೇನ್ರಿ?” ಎಂದೆ ನಾನು.

“ಮಲಗಾಕ ಮನ್ಯಾಗ ಹೊರಸು ಇಲ್ಲೇನ್ರಿ?” ಎಂದವರು ಅಮ್ಮನ ತೋಳಿನಲ್ಲಿ ಮಿಷಿನ್ನಿನ ಸೂಜಿ ಚುಚ್ಚಿದಲ್ಲಿ ಕಟ್ಟಿದ್ದ ಪಟ್ಟಿಯನ್ನು ಆಮೇಲೆ ನೋಡಿದರು. ಒಳಗೆ ಹೋಗಿ ತಾವೇ ಕುರ್ಚಿ ಹೊತ್ತು ತಂದರು, ನೀರು ತಂದರು. ಆ ಹೊತ್ತಿಗೆ ಡಾಕ್ಟರು ಅಮ್ಮನಿಗೆ ಗೊತ್ತುಮಾಡಿದ್ದ ದಿನದ ನೀರಿನ ಅಳತೆ ಮುಗಿದಿತ್ತು. ಲೋಟವನ್ನು ಎರಡೂ ಕೈಯಲ್ಲಿ ಹಿಡಿದು ತಂಪನ್ನಷ್ಟೇ ತೆಗೆದುಕೊಂಡು ವಾಪಸು ಕೊಟ್ಟರು.

ಮನೆಗೆ ಬಂದ ಮೇಲೆ ವಾದ ಶುರುವಾಯಿತು. ದೊಡ್ಡದು ನಮ್ಮ ಕೈಗೆ ಎಟುಕುತ್ತಿತ್ತು, ಆದರೆ ಬೆರಳ ತುದಿಗಷ್ಟೇ. ಇವರಿಗೆ ದೊಡ್ಡದೇ ಬೇಕು. ನನಗೆ ಏನೂ ತಿಳಿಯದೆ ಇಸ್ತಿಖಾರಾ ನಮಾಜು ಮಾಡಿದೆ. ಎರಡರಲ್ಲಿ ಒಂದನ್ನು ಆರಿಸಲಾಗದಾಗ ದೇವರಿಗೆ ಒಪ್ಪಿಸಿ ಮಲಗುವ ಪದ್ಧತಿ ಅದು. ಕನಸಿನಲ್ಲಿ ಸೂಚನೆ ಸಿಗುತ್ತದೆಂದು ನಮ್ಮ ಹೆಂಗಸರ ನಂಬಿಕೆ. ನನ್ನ ಕನಸಿನಲ್ಲಿ ಬಂದದ್ದು ತವರಿನ ಎಮ್ಮೆ. ಬೆಳಿಗ್ಗೆ ಹೇಳಿದಾಗ ಅಮ್ಮ ಹೊಟ್ಟೆ ಹಿಡಿದು ನಕ್ಕರು. “ಹೌದ ಬೇ, ಎಮ್ಮಿ ಮ್ಯಾಲ ಕುಂಡ್ರಿಸಿ ಕರಕೊಂಡ ಹೋಗ್ರಿ ನನ್ನ. ಮಿಷಿನ್ ಡಾಕ್ಟರ ಓಡಿ ಹೋಗ್ತಾನ!” ನಕ್ಕು ಮುಗಿದ ಮೇಲೆ ಮಗನ ಕಡೆ ತಿರುಗಿದರು. “ದೊಡ್ಡದು ನಾಕ ದಿನ ನಿಂತ್ರ ನನ್ನ ಮಿಷಿನ್ ನಾಕ ದಿನ ತಡೀತದೇನ ಲೇ? ಸಣ್ಣದು ತಗೋ. ಆ ದೊಡ್ಡದರ ತಂಪು ಗಾಳಿ ನನ್ನ ಮೈಗೆ ಆಗೂದಿಲ್ಲ.”

ತಂಪು ಗಾಳಿಯ ಮಾತು ಸುಳ್ಳು. ಇಡೀ ಬೇಸಿಗೆ ಒದ್ದೆ ಬಟ್ಟೆ ಹೊದ್ದು ಮಲಗುತ್ತಿದ್ದವರು ಅವರು. ಅದು ಇವರಿಗೂ ಗೊತ್ತಿತ್ತು.

ಸಣ್ಣ ಗಾಡಿ ಮನೆಗೆ ಬಂದ ದಿನ ಅಮ್ಮ ಒಂದು ಎಡವಟ್ಟು ಮಾಡಿದರು. ನಮ್ಮಲ್ಲಿ ಯಾರಾದರೂ ದೂರ ಹೊರಟರೆ ಹಸಿರು ಬಟ್ಟೆಯಲ್ಲಿ ಒಂದು ನಾಣ್ಯವಿಟ್ಟು ಬಲತೋಳಿಗೆ ಕಟ್ಟುತ್ತೇವೆ. ಇಮಾಮ್ ಜಾಮಿನ್ ಎಂದು ಅದರ ಹೆಸರು. ಹೋದವರು ಕ್ಷೇಮವಾಗಿ ಮುಟ್ಟಿದ ಮೇಲೆ ಅದನ್ನು ಬಿಚ್ಚಿ ಬಡವರಿಗೆ ಕೊಡಬೇಕು. ಅಮ್ಮ ಅದನ್ನು ತಂದು ಗಾಡಿಯ ಒಳಗನ್ನಡಿಗೆ ಕಟ್ಟಿಬಿಟ್ಟರು.

“ಅಮ್ಮಾ, ಮಂದಿಗೆ ಕಟ್ಟೂದು ಅದು. ಗಾಡಿ ಯಾವತ್ತ ಮುಟ್ಟತದ? ದಿನಾ ತಿರಗತಿರತದ. ಯಾವಾಗ ಬಿಚ್ಚೂದು?” ಎಂದರು ಇವರು.

ಅಮ್ಮ ಗಂಟನ್ನು ಹಲ್ಲಿನಿಂದ ಇನ್ನಷ್ಟು ಬಿಗಿದು ಹೇಳಿದರು: “ನನ್ನ ಹೋಗೂದು ಬರೂದು ಮುಗದ ಮ್ಯಾಲ ಬಿಚ್ಚರಿ.”



ಗಾಡಿ ಮಾಸ್ತರ ಮಾತಿನಂತೆ ಓಡಿತು. ಮಿಷಿನ್ನಿನ ಒಂದು ಸರದಿಯನ್ನೂ ತಪ್ಪಿಸಲಿಲ್ಲ. ಅಲ್‌ಹಮ್ದುಲಿಲ್ಲಾಹ್. ಬರುವಾಗ ಅಮ್ಮನ ತಲೆ ನನ್ನ ತೊಡೆಯ ಮೇಲೆ, ಮಡಚಿದ ಕಾಲು ಎಡಬಾಗಿಲಿಗೆ. ಸೆಳೆತ ಬಂದಾಗ ಹಿಮ್ಮಡಿಯಿಂದ ಬಾಗಿಲು ಒತ್ತುತ್ತಿದ್ದರು. ನಾನು ಬಗ್ಗಿ ಮೀನಖಂಡಕ್ಕೆ ನೀಲಗಿರಿ ಎಣ್ಣೆ ತಿಕ್ಕುತ್ತಿದ್ದೆ. ಎಣ್ಣೆ ಹತ್ತಿ ಹತ್ತಿ ಬಾಗಿಲಿನ ಆ ಜಾಗ ಕಪ್ಪಗೆ ಮಿರುಗುತ್ತಿದೆ, ಇವತ್ತಿಗೂ. ಸ್ಟೇರಿಂಗ್ ಹಿಡಿದ ಇವರಿಗೆ ಕೇಳಿಸುತ್ತಿದ್ದುದು ಆ ಒದೆತದ ಸದ್ದೊಂದೇ. ನಾನು ಇವರ ಬೆನ್ನ ಹಿಂದೆಯೇ ಕೂಡುತ್ತಿದ್ದೆ. ನನ್ನ ತೊಡೆಯ ಮೇಲೆ ಏನು ನಡೆಯುತ್ತಿತ್ತೆಂದು ಇವರಿಗೆ ಕಾಣುತ್ತಿರಲಿಲ್ಲ.

ಅಮ್ಮ ಹೋದದ್ದು ಮನೆಯಲ್ಲಿ, ತಮ್ಮ ಮಂಚದ ಮೇಲೆ, ಬೆಳಗಿನ ನಮಾಜಿನ ಹೊತ್ತಿಗೆ. ದಾರಿಯಲ್ಲಲ್ಲ, ಆಸ್ಪತ್ರೆಯ ಟ್ಯೂಬುಗಳ ನಡುವೆ ಅಲ್ಲ. ಆ ಕರುಣೆಯನ್ನು ನಾನು ಮರೆಯಲಾರೆ. ಆದರೆ ಇವರು ಅಂದಿನಿಂದ ಒಂದೇ ಮಾತಿಗೆ ಬಿದ್ದರು: ದೊಡ್ಡದು ತಗೊಬೇಕಿತ್ತು. ಊಟಕ್ಕೆ ಕುಳಿತರೂ ಅದೇ. ನಾನು ಏನಾದರೂ ಹೇಳಲು ಹೋದರೆ ಕೈ ತೊಳೆದು ಎದ್ದುಬಿಡುತ್ತಿದ್ದರು. ಮೊನ್ನೆ ಮೊಬೈಲಿನಲ್ಲಿ ಒಂದು ಚಿತ್ರ ತೋರಿಸಿದರು. ಬಿಳಿಯ ದೊಡ್ಡ ಗಾಡಿ, ತೊಗಲಿನ ಸೀಟು, ಹೆಚ್ಚುಕಡಿಮೆ ಜೇವರ್ಗಿಯದರ ತಂಗಿ. “ಸಣ್ಣದು ಮಾರಿ ಈಗರ ಇದನ್ನ ತರೋಣು,” ಎಂದರು. ಇನ್ನು ಅದರಲ್ಲಿ ಮಲಗುವವರು ಯಾರು ಎಂಬ ಮಾತು ನಾಲಿಗೆಯವರೆಗೆ ಬಂದು ನಿಂತಿತು.

ಇದನ್ನೆಲ್ಲ ನೆನೆಯುತ್ತ ಎಷ್ಟು ಹೊತ್ತು ಕುಳಿತಿದ್ದೆನೋ, ಇವರು ಊಟಕ್ಕೆ ಬಂದೇಬಿಟ್ಟರು.

“ಒರಸಾಕ ಹೇಳಿದ್ರ ಸವಾರಿ ಹೊಂಟೀಯೇನ?”

“ಇಲ್ಲಿ ಬರ್ರಿ. ಕುಂಡ್ರಿ.”

ಈ ಗಾಡಿ ಬಂದಾಗಿನಿಂದ ಇವರು ಹಿಂದಿನ ಸೀಟಿನಲ್ಲಿ ಒಮ್ಮೆಯೂ ಕುಳಿತವರಲ್ಲ. ತಲೆ ಬಗ್ಗಿಸಿ ಒಳಗೆ ಬಂದರು. ಬಾಗಿಲಿನ ಕಪ್ಪು ಕಲೆಯ ಮೇಲೆ ಕಣ್ಣು ಬಿದ್ದಿತು. ಮುಖ ತಿರುಗಿಸಿದರು.

“ಈ ಸೀಟಿನಾಗ ಅಮ್ಮಾ ಏನಂತಿದ್ರು ಗೊತ್ತದೇನ್ರಿ?” ಎಂದೆ. ಇಲ್ಲಿ ಕೈ ತೊಳೆದು ಏಳಲು ತಾಟು ಇರಲಿಲ್ಲ. “‘ದೊಡ್ಡದು ತಂದಿದ್ರ ನೀ ಮುಂದ ಗಂಡನ ಬಾಜೂಕ ಬೇಗಂ ಆಗಿ ಕುಂಡ್ರತಿದ್ದಿ ದುಲ್ಹನ್. ನಾ ಇಲ್ಲಿ ಒಬ್ಬಾಕಿನೇ ಹೆಣದ ಗತಿ ಬಿದ್ದಿರತಿದ್ದೆ. ಸಣ್ಣದು ಛಲೋ ಆತು ಬೇ, ನಿನ್ನ ತೊಡಿ ಸಿಕ್ತು.’ ಹಂಗಂದು ನಿದ್ದಿ ಮಾಡತಿದ್ರು.”

“ನಿದ್ದಿ? ಒದೀತಿದ್ಲಲ್ಲ?”

“ಒದ್ದ ಮ್ಯಾಲ ನಿದ್ದೀರಿ. ಊರು ಬರೂತನಕ ಗೊರಕಿ. ನೀವು ಇಂಜಿನ್ ಸಪ್ಪಳ ಅಂತ ತಿಳಕೊಂಡಿರಿ.”

ಇವರು ನಕ್ಕರು. ನಗು ಅರ್ಧಕ್ಕೆ ಮುರಿಯಿತು. ಆಮೇಲೆ ಏನನ್ನಿಸಿತೋ, ಅಷ್ಟು ದೊಡ್ಡ ಆಳು, ಕಾಲು ಮಡಚಿ, ಹಿಮ್ಮಡಿಯನ್ನು ಆ ಕಪ್ಪು ಕಲೆಗೆ ತಾಗಿಸಿ, ನನ್ನ ತೊಡೆಯ ಮೇಲೆ ತಲೆ ಇಟ್ಟರು. ಹಾಡುಹಗಲು, ಓಣಿಯ ಬಾಗಿಲಲ್ಲಿ! ಎದುರುಮನೆಯವರು ನೋಡಿದರೆ ನೋಡಲಿ ಎಂದು ನಾನೂ ಸುಮ್ಮನಿದ್ದೆ. ಸೀರೆ ತೊಯ್ದಿತು.

ಅವರು ಎದ್ದ ಮೇಲೆ ನಾನು ಮುಂದೆ ಬಾಗಿ ಕನ್ನಡಿಯ ಗಂಟಿಗೆ ಕೈ ಹಾಕಿದೆ. ಅಮ್ಮ ಹಲ್ಲಿನಿಂದ ಬಿಗಿದಿದ್ದು, ಉಗುರಿಗೆ ಬಗ್ಗಲಿಲ್ಲ. ನಾನೂ ಹಲ್ಲು ಹಚ್ಚಿಯೇ ಬಿಚ್ಚಿದೆ. ನಾಣ್ಯವನ್ನು ಇವರ ಅಂಗೈಯಲ್ಲಿಟ್ಟು, “ಅಮ್ಮಾಂದು ಹೋಗೂದು ಬರೂದು ಮುಗೀತ್ರಿ. ಶುಕ್ರವಾರ ಜುಮ್ಮಾ ನಮಾಜಿಗೆ ಹೋದಾಗ ಯಾರಿಗರ ಕೊಟ್ಟು ಬರ್ರಿ,” ಎಂದೆ. ಮುಷ್ಟಿ ಮುಚ್ಚಿಕೊಂಡು ಒಳಗೆ ಹೋದರು. ಮೊಬೈಲಿನ ಚಿತ್ರದ ಮಾತನ್ನು ಊಟದಲ್ಲಿ ಎತ್ತಲಿಲ್ಲ.

ಸಂಜೆ ಗಾಜು ಒರೆಸಿದೆ, ಸ್ಟೇರಿಂಗ್ ಒರೆಸಿದೆ, ಮುಂದಿನ ಸೀಟುಗಳನ್ನು ಒರೆಸಿದೆ. ಎಡಬಾಗಿಲಿನ ಕಲೆಗೆ ಕೈ ಹೋಗಲಿಲ್ಲ. ನಾಳೆ ಖಜೂರಿಯವರು ಇದರಲ್ಲಿ ಮಲಗಲು ಆಗುತ್ತದೆಯೇ ಎಂದು ಕೇಳಿದರೆ ಇದ್ದದ್ದನ್ನೇ ಹೇಳುತ್ತೇನೆ. ಸೀಟು ಸಣ್ಣದು. ಮಲಗುವವರ ತಲೆ ಹಿಡಿದುಕೊಳ್ಳಲು ಇನ್ನೊಬ್ಬರು ಹಿಂದೆ ಕೂಡಬೇಕಾಗುತ್ತದೆ.