ಕಟ್ಟಿಹಾಕಿದ ದೋಣಿಗಳು

ವೈದ್ಯಕೀಯ ಕಾಲೇಜಿನಲ್ಲಿ ನನ್ನ ಪಕ್ಕ ಕೂರುತ್ತಿದ್ದವಳು ಮೀನುಗಾರರ ಮನೆಯ ಹುಡುಗಿ. ಯಾರು ಹೆದರಿಸಿದರೂ ಗದ್ದ ಮೇಲೆತ್ತಿ, “ಅದಕ್ಕೆ ಈಗ ಎಂತ?” ಎನ್ನುತ್ತಿದ್ದಳು.

ಮುಂದೆ ಜಾಗತಿಕ ಆರೋಗ್ಯ ಓದುತ್ತೇನೆ ಎಂದು ಅವಳು ಹೇಳಿದಾಗ ನಮ್ಮ ಪ್ರೊಫೆಸರು ನಕ್ಕರು. “ಚರ್ಮದ ಡಾಕ್ಟರಾಗು ಮಾರಾಯ್ತಿ. ಪ್ರಪಂಚದ ಚಿಂತೆ ನಿನಗೆಂತಕ್ಕೆ?”

ಮಳೆಗಾಲದಲ್ಲಿ ಮೀನುಗಾರಿಕೆ ನಿಂತಾಗ ಅವರೇ ನಮ್ಮನ್ನು ಜ್ವರದ ಸಮೀಕ್ಷೆಗೆ ಬಂದರಿಗೆ ಕರೆದೊಯ್ದರು. ಕಟ್ಟಿಹಾಕಿದ ದೋಣಿಗಳಲ್ಲಿ ಮಳೆನೀರು ನಿಂತು ಸೊಳ್ಳೆಮರಿಗಳು ತೇಲುತ್ತಿದ್ದವು. ಅವಳು ಒಂದು ದೋಣಿಗೆ ಇಳಿದು ಬಕೆಟ್ಟಿನಲ್ಲಿ ನೀರು ಮೊಗೆದು ಚೆಲ್ಲತೊಡಗಿದಳು.

“ದೋಣಿ ಕೆಲಸಕ್ಕೆ ಒಡಿಶಾದಿಂದ ಬಂದವನಿಗೆ ಸೊಳ್ಳೆ ಕಚ್ಚುವುದು ಇಲ್ಲಿ, ಮಲೇರಿಯಾ ಬರುವುದು ಅಲ್ಲಿ ಸರ್, ರಜೆಗೆ ಮನೆಗೆ ಹೋದ ಮೇಲೆ. ಪ್ರಪಂಚ ಇಲ್ಲೇ ಉಂಟು.”

“ಇಷ್ಟೆಲ್ಲ ದೋಣಿ ನೀನೊಬ್ಬಳೇ ಖಾಲಿ ಮಾಡ್ತೀಯಾ?” ಎಂದರು ಪ್ರೊಫೆಸರು.

ಅವಳು ಗದ್ದ ಮೇಲೆತ್ತಿದಳು. “ಅದಕ್ಕೆ ಈಗ ಎಂತ? ಇನ್ನೊಂದು ಬಕೆಟ್ ಉಂಟು ಸರ್, ಹಿಡ್ಕೊಳ್ಳಿ.”