ಪಂಪಾಪತಿಯ ಎಡಗೈ

೧೯೩೫ರ ಸುಮಾರಿನಲ್ಲಿ ನಾನು ಹೊಸಪೇಟೆಯ ಒಂದು ಸಣ್ಣ ಹೈಸ್ಕೂಲಿನಲ್ಲಿ ಸೈನ್ಸ್ ಮಾಸ್ತರನಾಗಿದ್ದೆ. ಮದ್ರಾಸ್ ಸರ್ಕಾರದ ಕಾಲ. ಆ ಶಾಲೆಯಲ್ಲಿ ಪಾಠಕ್ಕಿಂತ ಪಾಠದಾಚೆಯ ಚಟುವಟಿಕೆಗಳ ಗಲಾಟೆಯೇ ಜೋರು. ಶುಕ್ರವಾರ ಡಿಬೇಟಿಂಗ್ ಸೊಸೈಟಿ, ವಾರ್ಷಿಕೋತ್ಸವಕ್ಕೆ ನಾಟಕ, ಹಿತ್ತಲಲ್ಲಿ ತರಕಾರಿ ತೋಟ. ನೆರಳಲ್ಲಿ ಕೂತು ಮಾಡುವ ಕೆಲಸಗಳನ್ನೆಲ್ಲ ಹಿರಿಯ ಮಾಸ್ತರುಗಳು ಹಂಚಿಕೊಂಡು, ಬಿಸಿಲಲ್ಲಿ ನಿಲ್ಲಬೇಕಾದ ಸ್ಕೌಟ್ ದಳವನ್ನು ಹೊಸಬನಾದ ನನ್ನ ತಲೆಗೆ ಕಟ್ಟಿದರು. ಖಾಕಿ ಚಡ್ಡಿ ತೊಟ್ಟು ಹೊರಟ ಮೊದಲ ದಿನ, ಕೂಸನ್ನು ಎತ್ತಿಕೊಂಡಿದ್ದ ನನ್ನ ಹೆಂಡತಿ ಸೆರಗು ಬಾಯಿಗಿಟ್ಟುಕೊಂಡು ನಕ್ಕಳು. ನನಗೂ ಅದು ಹಿಡಿಸಿರಲಿಲ್ಲ. ಹಿಡಿಸುವಂತೆ ಮಾಡಿದವನು ಪಂಪಾಪತಿ.

ಅವನು ಕಂಪ್ಲಿಯ ರೈತ ಬಸಪ್ಪನ ಮಗ. ಹೊಸಪೇಟೆಯಲ್ಲಿ ಸೋದರಮಾವನ ಮನೆಯಲ್ಲಿದ್ದು ಫಿಫ್ತ್ ಫಾರಂ ಓದುತ್ತಿದ್ದ. ಮುಂದಿನ ವರ್ಷ ಎಸ್.ಎಸ್.ಎಲ್.ಸಿ. ಮುಗಿಸಿ ಮಾಸ್ತರಾಗುವುದು ಅವನ ಆಸೆ. ದಳದಲ್ಲಿ ಅವನೇ ಲೀಡರ್. ಸಣ್ಣ ಹುಡುಗರಿಗೆ ಗಂಟು ಹಾಕುವುದು, ಒಲೆ ಹೂಡುವುದು, ಗಾಯಕ್ಕೆ ಪಟ್ಟಿ ಕಟ್ಟುವುದು, ಎಲ್ಲವನ್ನೂ ನನಗಿಂತ ತಾಳ್ಮೆಯಿಂದ ಕಲಿಸುತ್ತಿದ್ದ. ನಿಜ ಹೇಳಬೇಕೆಂದರೆ ದಳ ನಡೆಸುತ್ತಿದ್ದವನು ಅವನು, ಸೀಟಿ ಊದುತ್ತಿದ್ದವನು ನಾನು.

ಸ್ಕೌಟುಗಳಲ್ಲಿ ಒಂದು ಪದ್ಧತಿಯಿದೆ. ಬಲಗೈಯಲ್ಲಿ ಸಲ್ಯೂಟ್, ಎಡಗೈಯಲ್ಲಿ ಕೈಕುಲುಕು. ಎಡಗೈ ಹೃದಯದ ಕಡೆಯದು, ಆದ್ದರಿಂದ ಅದು ನಂಬಿಕೆಯ ಗುರುತು ಎಂದು ಹೇಳಿಕೊಡುತ್ತಿದ್ದೆವು. ನಮ್ಮ ಕಡೆಯ ಜನಕ್ಕೆ ಇದನ್ನು ಒಪ್ಪಿಸುವುದು ಸುಲಭವಲ್ಲ. ಒಮ್ಮೆ ಶಾಲೆಗೆ ಬಂದಿದ್ದ ಬಸಪ್ಪ, ಮಗ ನನಗೆ ಎಡಗೈ ಕೊಟ್ಟದ್ದನ್ನು ನೋಡಿ ಅವನ ತಲೆಗೆ ಒಂದು ಮೊಟಕಿದ.

“ಲೇ, ದೊಡ್ಡೋರಿಗೆ ಎಡಗೈ ಕೊಡ್ತೀಯೇನಲೇ? ಸರ, ಇದ್ನ ಕಲಸಾಕ ಸಾಲಿ ಬೇಕೇನ್ರೀ?” ಎಂದ.

ಪಂಪಾಪತಿ ತಲೆ ಉಜ್ಜಿಕೊಳ್ಳುತ್ತ ನಕ್ಕ. ನಾವೂ ನಕ್ಕೆವು.

ಆ ವರ್ಷದ ಕ್ಯಾಂಪು ಕಮಲಾಪುರದ ಕೆರೆಯ ಬದಿಯ ಮಾವಿನ ತೋಪಿನಲ್ಲಿ. ಮಧ್ಯಾಹ್ನ ಹುಡುಗರು ಕಲ್ಲಿನ ಒಲೆ ಹೂಡಿ ಅಡುಗೆಗೆ ಕೂತಿದ್ದರು. ಒಲೆಯಿಂದ ಒಂದು ಕೆಂಡ ಉರುಳಿ ಬಂತು. ಪಂಪಾಪತಿ ಮಾತಾಡುತ್ತಲೇ ಅದನ್ನು ಎಡಗೈಯ ಅಂಚಿನಿಂದ ಒಳಕ್ಕೆ ದೂಡಿದ. ಹುಡುಗರು ಚಪ್ಪಾಳೆ ತಟ್ಟಿದರು. ಅವನು ಹೀಗೆ ಮಾಡುವುದು ಅವರಿಗೆ ಹೊಸದಲ್ಲವಂತೆ, ‘ಬೆಂಕಿ ಪಂಪಣ್ಣ’ ಎಂದು ಹೆಸರೂ ಇಟ್ಟಿದ್ದರು. ಚಿಕ್ಕವನೊಬ್ಬ ಹುರುಪಿನಿಂದ ತಾನೂ ಹಾಗೆ ಮಾಡಲು ಹೋಗಿ ಕೈ ಸುಟ್ಟುಕೊಂಡು ಕಿರುಚಿದ.

“ಇಷ್ಟಕ್ಕ ಯಾಕ ಅಳತೀಯೋ? ಏನೂ ಆಗಂಗಿಲ್ಲ,” ಎಂದು ಪಂಪಾಪತಿ ಅವನನ್ನು ಸಮಾಧಾನ ಮಾಡುತ್ತಿದ್ದ. ಆ ಮಾತಿನಲ್ಲಿ ಜಂಬವಿರಲಿಲ್ಲ, ನಿಜವಾದ ಆಶ್ಚರ್ಯವಿತ್ತು. ಅದೇ ನನ್ನನ್ನು ತಡೆದು ನಿಲ್ಲಿಸಿತು. ಚಿಕ್ಕವನಿಗೆ ಮುಲಾಮು ಹಚ್ಚಿ, ಪಂಪಾಪತಿಯ ಕೈಯನ್ನೂ ತಿರುಗಿಸಿ ನೋಡಿದೆ. ಕಿರುಬೆರಳಿನ ಪಕ್ಕದಲ್ಲಿ ಮುಂಚೆಯೇ ಬೊಬ್ಬೆ ಎದ್ದು, ಒಡೆದು, ಅದರೊಳಗೆ ಬೂದಿ ಮೆತ್ತಿಕೊಂಡಿತ್ತು. ಆ ಕೈಯಲ್ಲೇ ಅವನು ಅಷ್ಟು ಹೊತ್ತು ಬದನೆಕಾಯಿ ಹಿಡಿದು ಹೆಚ್ಚಿದ್ದ. ಮೊಣಕೈ ಕೆಳಗೆ ರೂಪಾಯಿಯಗಲದ ಒಂದು ಮಚ್ಚೆ ಬಿಳಿಚಿಕೊಂಡಿತ್ತು.

ಕ್ಯಾಂಪು ಮುಗಿದ ಮರುದಿನ ಅವನನ್ನು ಆಸ್ಪತ್ರೆಗೆ ಕರೆದೊಯ್ದೆ. ಡಾಕ್ಟರು ಅವನ ಮೊಣಕೈ ಹಿಂದಿನ ನರವನ್ನು ಒತ್ತಿ ನೋಡಿದರು. ಅದು ದಪ್ಪವಾಗಿತ್ತು. ಆಮೇಲೆ, “ಕಣ್ಣು ಮುಚ್ಚಿಕೋ. ಸೂಜಿ ತಾಗಿದಾಗಲೆಲ್ಲ ಹೂಂ ಅನ್ನು,” ಎಂದರು. ಬಲಗೈಗೆ ತಾಗಿಸಿದರು, ಹೂಂ ಎಂದ. ಎಡಗೈಯ ಮಚ್ಚೆಗೆ ಚುಚ್ಚಿದರು. ಅಂಗೈ ಅಂಚಿಗೆ, ಕಿರುಬೆರಳಿಗೆ, ಉಂಗುರದ ಬೆರಳಿಗೆ ಚುಚ್ಚಿದರು. ಪಂಪಾಪತಿ ಕಣ್ಣು ಬಿಗಿಯಾಗಿ ಮುಚ್ಚಿ, ಒಳ್ಳೆಯ ವಿದ್ಯಾರ್ಥಿಯ ಹಾಗೆ ನೆಟ್ಟಗೆ ಕೂತೇ ಇದ್ದ. ಕೊನೆಗೆ ಕೇಳಿದ:

“ಎಡಗೈ ಇನ್ನಾ ಸುರು ಮಾಡಿಲ್ಲೇನ್ರೀ?”

ಡಾಕ್ಟರು ಸೂಜಿ ಕೆಳಗಿಟ್ಟರು. ನಾನು ಕಿಟಕಿಯ ಕಡೆ ತಿರುಗಿ ನಿಂತೆ.

ಕುಷ್ಠರೋಗ. ಈಗಿನವರಿಗೆ ಆ ಹೆಸರಿನ ಭಯ ಗೊತ್ತಾಗಲಿಕ್ಕಿಲ್ಲ. ಈಗ ಅದಕ್ಕೆ ಮಾತ್ರೆಗಳಿವೆ. ಆಗ ಇದ್ದದ್ದು ಚಾಲ್ಮೂಗ್ರಾ ಎಂಬ ಎಣ್ಣೆಯ ಇಂಜೆಕ್ಷನ್ನು. ಚುಚ್ಚಿಸಿಕೊಂಡವರಿಗೆ ನೋವು ಖಾತ್ರಿ, ಗುಣದ ಮಾತು ಖಾತ್ರಿಯಿಲ್ಲ. ಹುಡುಗನದು ಸುಲಭಕ್ಕೆ ಅಂಟುವ ಬಗೆಯಲ್ಲ, ಬೇರೆ ಕೂರಿಸಿದರೆ ಓದಬಹುದು ಎಂದು ಡಾಕ್ಟರು ಹೇಳಿದರು. ಆ ಮಾತನ್ನೇ ಹಿಡಿದುಕೊಂಡು ಹೆಡ್ ಮಾಸ್ತರ ಬಳಿ ಹೋದೆ. ವರಾಂಡದಲ್ಲಿ ಒಂಟಿ ಬೆಂಚು ಹಾಕೋಣ, ಪರೀಕ್ಷೆಯೊಂದು ಬರೆದುಬಿಡಲಿ ಎಂದು ಅಂಗಲಾಚಿದೆ. ಅಷ್ಟರಲ್ಲಿ ಸುದ್ದಿ ಊರೆಲ್ಲ ಹಬ್ಬಿ, ಕ್ಲಾಸಿನ ಅರ್ಧ ಬೆಂಚುಗಳು ಖಾಲಿಯಾಗಿದ್ದವು.

“ಇದು ಅನ್ಯಾಯ ಅಂತ ನನಗೂ ಗೊತ್ತೈತ್ರೀ,” ಎಂದರು ಹೆಡ್ ಮಾಸ್ತರು. “ಆದ್ರ ಅವನ್ನ ಇಟ್ಕೊಂಡ್ರ ನಾಳೆ ಸಾಲಿಗೆ ಯಾರ ಬರ್ತಾರ ಹೇಳ್ರಿ?”

ನನಗೆ ಸಿಟ್ಟಿತ್ತು, ಆದರೆ ಯಾರ ಮೇಲೆ ಎಂದು ಗೊತ್ತಿರಲಿಲ್ಲ. ಸೋದರಮಾವನೂ ಮನೆಯಲ್ಲಿ ಇಟ್ಟುಕೊಳ್ಳಲು ಹೆದರಿದ. ದೂರದ ಜಿಲ್ಲೆಯೊಂದರ ಕುಷ್ಠಾಶ್ರಮಕ್ಕೆ ಡಾಕ್ಟರು ಬರೆದುಕೊಟ್ಟರು.

ಹೊರಡುವ ದಿನ ಬೆಳಿಗ್ಗೆ ಬಸಪ್ಪ ಮಗನನ್ನು ಶಾಲೆಯ ಗೇಟಿನ ತನಕ ಕರೆತಂದ. ದಳ ಬಿಟ್ಟು ಹೋಗುವವನಿಗೆ ಎಲ್ಲರೂ ಎಡಗೈ ಕೊಟ್ಟು ಕಳಿಸುವುದು ನಮ್ಮ ರೂಢಿ. ಹತ್ತಿರ ಹೋಗಬೇಡಿ ಎಂದು ಮನೆಗಳಲ್ಲಿ ತಾಕೀತು ಮಾಡಿದ್ದರಿಂದ ಹುಡುಗರು ದೂರದಲ್ಲಿ, ಬೇವಿನ ಮರದ ಕೆಳಗೆ ಗುಂಪುಗೂಡಿ ನಿಂತಿದ್ದರು. ಪಂಪಾಪತಿ ಅವರ ಕಡೆ ನೋಡಿ ನೆಟ್ಟಗೆ ನಿಂತು ಸಲ್ಯೂಟ್ ಹೊಡೆದ. ಅವರೂ ಹೊಡೆದರು. ಕೈ ಸುಟ್ಟುಕೊಂಡಿದ್ದ ಚಿಕ್ಕವನು ಜೋರಾಗಿ ಅಳುತ್ತಿದ್ದ.

ನಾನು ಮುಂದೆ ಹೋಗಿ ಎಡಗೈ ಚಾಚಿದೆ. ಪಂಪಾಪತಿ ಎರಡೂ ಕೈಗಳನ್ನು ಬೆನ್ನ ಹಿಂದೆ ಕಟ್ಟಿಕೊಂಡ.

“ಕೊಡಪ್ಪಾ,” ಎಂದ ಬಸಪ್ಪ. “ಸರ ಕೈ ಚಾಚ್ಯಾರ. ಎಡಗೈ ಆದ್ರ ಎಡಗೈ, ಕೊಡು ನನ್ನಪ್ಪಾ.” ವಾರದಿಂದ ಮಗನನ್ನು ಯಾರೂ ಮುಟ್ಟಿರಲಿಲ್ಲ. ಒಬ್ಬರಾದರೂ ಮುಟ್ಟುವುದನ್ನು ಆ ತಂದೆ ನೋಡಬೇಕಾಗಿತ್ತು.

“ಬ್ಯಾಡಪ್ಪಾ,” ಎಂದು ಪಂಪಾಪತಿ ತಲೆಯಾಡಿಸಿದ. ಆಮೇಲೆ ನನ್ನನ್ನು ನೋಡಿ ಮೆತ್ತಗೆ ಹೇಳಿದ: “ನಿಮ್ಮ ಮನ್ಯಾಗ ಸಣ್ಣ ಕೂಸು ಐತ್ರೀ ಸರ.”

ಅಪ್ಪ ಮಗ ಸ್ಟೇಷನ್ ದಾರಿ ಹಿಡಿದರು. ಚಾಚಿದ ಕೈ ಚಾಚಿದಂತೆಯೇ ನಾನು ನಿಂತಿದ್ದೆ. ಅವತ್ತು ಕ್ಲಾಸಿಗೆ ಹೋಗಲಾಗಲಿಲ್ಲ. ಲ್ಯಾಬೊರೇಟರಿಯ ಬಾಗಿಲು ಹಾಕಿಕೊಂಡು ಅತ್ತೆ. ಕೆಲವು ವರ್ಷಗಳ ಮೇಲೆ ಕಂಪ್ಲಿಯಲ್ಲಿ ಬಸಪ್ಪ ಸಿಕ್ಕಿ, ಮಗ ಆಶ್ರಮದಲ್ಲೇ ತೀರಿಕೊಂಡನೆಂದು ಹೇಳಿದ. ಅಲ್ಲಿನ ಮಕ್ಕಳಿಗೆ ಕೊನೆಯವರೆಗೂ ಗಂಟು ಹಾಕುವುದನ್ನು ಕಲಿಸುತ್ತಿದ್ದನಂತೆ.

ನೋವಾದರೂ ಅಳದ ಹುಡುಗನನ್ನು ಶೂರನೆಂದು ಹೊಗಳುವುದು ನಮ್ಮ ಮಾಸ್ತರಿಕೆಯ ಅಭ್ಯಾಸ. ಮೊದಲು ಹತ್ತಿರ ಕರೆದು ಅವನ ಕೈ ನೋಡಬೇಕು ಎಂಬುದನ್ನು ನನಗೆ ಯಾವ ಟ್ರೇನಿಂಗ್ ಕಾಲೇಜೂ ಕಲಿಸಿರಲಿಲ್ಲ. ಆಮೇಲೆ ನಿವೃತ್ತನಾಗುವ ತನಕ ದಳಕ್ಕೆ ಸೇರಿದ ಪ್ರತಿ ಹುಡುಗನ ಎಡಗೈ ಹಿಡಿದಾಗಲೂ ಅವನ ಕಿರುಬೆರಳನ್ನು ಸ್ವಲ್ಪ ಬಿಗಿಯಾಗಿ ಒತ್ತುತ್ತಿದ್ದೆ. ಮುಖ ಹಿಂಡಿಕೊಂಡು “ನೋಯ್ತೈತ್ರೀ ಸರ” ಎಂದರೆ ಬಿಡುತ್ತಿದ್ದೆ. ಆ ಮಾತು ಕೇಳಿದ ಮೇಲೆಯೇ ನನಗೆ ಉಸಿರು ಬರುತ್ತಿತ್ತು.